ಅಂಕನಭಾಷೆಗಳಲ್ಲಿ ಅಂತರ್ಭಾವನಿಯಮವೂ ಗ್ರಂಥಸಂಪಾದನೆಯೂ

೧. ಪ್ರಸ್ತಾವನೆ

ಪ್ರಾಚೀನ ಗ್ರಂಥಗಳ ಪರಿಷ್ಕರಣ ಮತ್ತು ಪ್ರಕಟನಕಾರ್ಯವು ಈಗ ಬಹುಮಟ್ಟಿಗೆ ಗಣಕಯಂತ್ರದ ಸಹಾಯದಿಂದಲೇ ನಡೆಯುತ್ತಿರುವುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯ. ಓಲೆಯ ಪ್ರತಿಯಲ್ಲಿರುವ ಪಾಠವನ್ನು ಬೆರಳಚ್ಚು ಮಾಡಿ ಯಂತ್ರದಲ್ಲಿ ಸೇರಿಸಿದ ಮಾತ್ರದಿಂದ ಸಂಪಾದಕನ ಕೆಲಸವು ಮುಗಿಯುವುದಿಲ್ಲ. ಇದು ಪದ್ಯ, ಇದು ಗದ್ಯ. ಇಲ್ಲಿಗೆ ಆಶ್ವಾಸವು ಮುಗಿಯಿತು. ಈ ಎರಡಕ್ಷರಗಳನ್ನು ಹುಳು ತಿಂದಿದ್ದುದರಿಂದ ಊಹೆಯಿಂದ ತುಂಬಿದೆ. ಇದು ಇನ್ನೊಂದು ಪ್ರತಿಯ ಪಾಠಾಂತರ—ಇವೇ ಮೊದಲಾದ ವಿವೇಚನೆಗಳನ್ನೆಲ್ಲ ಯಂತ್ರಕ್ಕೂ ತಿಳಿಯುವಂತೆ ಅವನು ಗುರುತುಮಾಡಬೇಕಾಗುವುದು. ಹೀಗೆ ಗುರುತುಮಾಡುವುದಕ್ಕಾಗಿ ಏರ್ಪಟ್ಟಿರುವ ಸಂಕೇತವ್ಯವಸ್ಥೆಗೆ ಮಾರ್ಕಪ್ ಭಾಷೆಯೆಂದು ಹೆಸರು. ಈ ಲೇಖನದಲ್ಲಿ ಅದನ್ನು ಅಂಕನಭಾಷೆಯೆಂದು ವ್ಯವಹರಿಸುವೆವು. ಅದರಲ್ಲಿ ಬಳಸುವ ಒಂದೊಂದು ಗುರುತಿಗೂ ಟ್ಯಾಗು ಎಂಬ ಹೆಸರು ರೂಢವಾಗಿರುವುದರಿಂದ ಅದನ್ನು ಹಾಗೆಯೇ ಇಟ್ಟುಕೊಂಡಿದೆ.

ಈ ಭಾಷೆಗಳ ವಾಕ್ಯರಚನೆಯಲ್ಲಿ ಪ್ರಧಾನವಾದ ನಿಯಮವು ಒಂದೇ: ಒಂದರೊಳಗೆ ತೆರೆದುದು ಅದರೊಳಗೇ ಮುಚ್ಚಬೇಕು. ಇದನ್ನು ಅಂತರ್ಭಾವನಿಯಮ ಎನ್ನೋಣ. ನಿಯಮವು ಕೇಳುವುದಕ್ಕೆ ಸುಲಭವಾದುದು. ಆದರೆ ನಮ್ಮ ಕಾವ್ಯಗಳೂ ಶಾಸ್ತ್ರಗಳೂ ಈ ನಿಯಮಕ್ಕೆ ಎಲ್ಲೆಡೆಯೂ ಒಳಪಟ್ಟಿವೆಯೆ, ಒಳಪಡದ ಎಡೆಯಲ್ಲಿ ಸಂಪಾದಕನು ಮಾಡತಕ್ಕುದೇನು ಎಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಮೊದಲು ನಿಯಮವನ್ನೂ ಅನಂತರ ಈ ಪ್ರಶ್ನೆಯನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಅಂಕನದ ಸ್ವರೂಪ

ಅಂಕನವು ಮುದ್ರಣಾಲಯದಿಂದ ಬಂದ ಪದ್ಧತಿ. ಮೊಳೆ ಜೋಡಿಸುವವನಿಗೆ ತಿಳಿಯುವಂತೆ ಹಸ್ತಪ್ರತಿಯ ಅಂಚಿನಲ್ಲಿ ‘ಇದು ದಪ್ಪಕ್ಷರ’, ‘ಇಲ್ಲಿ ಹೊಸ ಪಂಕ್ತಿ’ ಎಂದು ಬರೆಯುತ್ತಿದ್ದ ಸೂಚನೆಗಳೇ ಅದರ ಮೂಲ. ಆ ಸೂಚನೆಗಳು ಅಚ್ಚಿನಲ್ಲಿ ಕಾಣುವುದಕ್ಕಾಗಿ ಬರೆದವಲ್ಲ. ಅಚ್ಚು ಹೇಗೆ ಆಗಬೇಕೆಂಬುದನ್ನು ನಿಯಮಿಸುವುದಕ್ಕಾಗಿ ಬರೆದವು.

ವ್ಯಾಕರಣವನ್ನು ಓದಿದವರಿಗೆ ಇದು ಅಪೂರ್ವವಾಗಿ ತೋರಲಾರದು. ಪಾಣಿನಿಯು ಪ್ರತ್ಯಯಗಳಿಗೆ ಅನುಬಂಧಗಳನ್ನು ಹಚ್ಚಿ ಉಪದೇಶಿಸುವನಷ್ಟೆ. ‘ಕ್ತ’ ಎಂಬ ಪ್ರತ್ಯಯದಲ್ಲಿ ಕಕಾರವು ಅನುಬಂಧ. ಪ್ರಯೋಗದಲ್ಲಿ ನಿಲ್ಲುವುದು ತಕಾರವು ಮಾತ್ರ. ‘ಕೃ’ ಧಾತುವಿಗೆ ಅದು ಪರವಾದಾಗ ಗುಣವಾಗದೆ ‘ಕೃತ’ ಎಂದೇ ಆಗುವುದು. ‘ತೃಚ್’ ಪರವಾದಾಗ ಗುಣವಾಗಿ ‘ಕರ್ತೃ’ ಎಂದಾಗುವುದು. ಗುಣನಿಷೇಧವನ್ನು ಸೂಚಿಸಿದ ಕಕಾರವು ತನ್ನ ಕೆಲಸವನ್ನು ಮಾಡಿ ಲೋಪವಾಗುವುದು. ಟ್ಯಾಗೂ ಇಂಥದೇ. ಅದು ಪಾಠದ ಭಾಗವಲ್ಲ. ಪಾಠದ ವಿಷಯದಲ್ಲಿ ಹೇಳಿದ ಮಾತು. ಆದರೆ ಅನುಬಂಧವು ಒಂದು ಪ್ರತ್ಯಯಕ್ಕೆ ಅಂಟಿಕೊಂಡಿರುವುದು. ಟ್ಯಾಗಾದರೋ ಪಾಠದ ಒಂದು ವ್ಯಾಪ್ತಿಯನ್ನು ಸುತ್ತುವರಿಯುವುದು. ಆದುದರಿಂದ ಅದಕ್ಕೆ ಆದಿಯೂ ಅಂತ್ಯವೂ ಬೇಕಾಗುವುವು.

ಈ ಭಾಷೆಗಳ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ: ೧೯೬೯ರ ಸುಮಾರಿಗೆ ಐಬಿಎಂ ಸಂಸ್ಥೆಯಲ್ಲಿ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಜಿಎಂಎಲ್ ಎಂಬುದನ್ನು ರೂಪಿಸಿದರು. ಅದರ ಸಂತತಿಯಾದ ಎಸ್‌ಜಿಎಂಎಲ್ ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಅದನ್ನು ಅನುಸರಿಸಿ ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಕೈಯಲ್ಲಿ ಹುಟ್ಟಿತು. ಎಸ್‌ಜಿಎಂಎಲನ್ನು ಸರಳಗೊಳಿಸಿ ನಿಯಮಗಳನ್ನು ಬಿಗಿಮಾಡಿದ ಎಕ್ಸ್‌ಎಂಎಲ್ ೧೯೯೮ರ ಫೆಬ್ರುವರಿಯಲ್ಲಿ ಹೊರಬಂದಿತು. ಸಾಹಿತ್ಯಗ್ರಂಥಗಳ ಅಂಕನಕ್ಕೆಂದೇ ೧೯೮೭ರಲ್ಲಿ ಅಮೆರಿಕದ ವ್ಯಾಸರ್ ಕಾಲೇಜಿನಲ್ಲಿ ಸೇರಿದ ವಿದ್ವತ್ಸಭೆಯಿಂದ ಆರಂಭವಾದ ಟಿಇಐ ಪದ್ಧತಿಯು ಈಗ ಎಕ್ಸ್‌ಎಂಎಲನ್ನೇ ಆಶ್ರಯಿಸಿದೆ; ಅದರ ಐದನೆಯ ಆವೃತ್ತಿಯು ೨೦೦೭ರದು. ಸರಿತ್ ಎಂಬ ಸಂಗ್ರಹದಲ್ಲಿ ಸಂಸ್ಕೃತಗ್ರಂಥಗಳು ಈ ಪದ್ಧತಿಯಲ್ಲಿಯೇ ಸಿದ್ಧವಾಗಿವೆ. ಮುಂದಿನ ವಿವರಣೆಯೆಲ್ಲವೂ ಎಕ್ಸ್‌ಎಂಎಲನ್ನು ಕುರಿತದ್ದೆಂದು ತಿಳಿಯತಕ್ಕದ್ದು. ಎಚ್‌ಟಿಎಂಎಲ್‌ನ ಭೇದವನ್ನು ಅಲ್ಲಲ್ಲಿಯೇ ಹೇಳುವೆವು.

೩. ಸಾಮಾನ್ಯ ನಿಯಮಗಳು

ಕೋನಾವರಣದೊಳಗೆ ಹೆಸರನ್ನು ಬರೆದರೆ ಆರಂಭದ ಟ್ಯಾಗು. ಹೆಸರಿನ ಹಿಂದೆ ಓರೆಗೆರೆಯನ್ನು ಸೇರಿಸಿದರೆ ಅಂತ್ಯದ ಟ್ಯಾಗು. ಎರಡೂ, ನಡುವಿನ ಪಾಠವೂ ಸೇರಿ ಒಂದು ಘಟಕವಾಗುವುದು:

<ಪದ್ಯ> … </ಪದ್ಯ>

ಎಚ್‌ಟಿಎಂಎಲ್‌ನಲ್ಲಿ ಹೆಸರುಗಳು ರೋಮನ್ ಲಿಪಿಯಲ್ಲಿ ಮೊದಲೇ ಗೊತ್ತಾಗಿರುವುವು. ಎಕ್ಸ್‌ಎಂಎಲ್‌ನಲ್ಲಿಯಾದರೆ ಹೆಸರುಗಳನ್ನು ನಾವೇ ಇಟ್ಟುಕೊಳ್ಳಬಹುದು. ಅವು ಕನ್ನಡ ಲಿಪಿಯಲ್ಲಿಯೂ ಇರಬಹುದು. ಮೇಲಣ ಉದಾಹರಣೆಯು ಹಾಗೆಯೇ ಯಂತ್ರಕ್ಕೆ ಸ್ವೀಕಾರ್ಯವಾದುದು. ಕೇವಲ ವಿವರಣೆಗಾಗಿ ಕನ್ನಡಿಸಿದ್ದಲ್ಲ. ಇನ್ನು ನಿಯಮಗಳು:

ಒಂದನೆಯದು: ಕಡತಕ್ಕೆಲ್ಲ ಒಂದೇ ಮೂಲಘಟಕವಿರಬೇಕು; ಉಳಿದ ಘಟಕಗಳೆಲ್ಲ ಅದರೊಳಗೆ ಇರಬೇಕು.

ಎರಡನೆಯದು: ತೆರೆದ ಘಟಕವನ್ನೆಲ್ಲ ಮುಚ್ಚಬೇಕು. ಒಳಗೆ ಪಾಠವಿಲ್ಲದ ಶೂನ್ಯಘಟಕವನ್ನು ಮಾತ್ರ <ಗರಿ/> ಎಂಬಂತೆ ಒಂದೇ ಟ್ಯಾಗಿನಲ್ಲಿ ತೆರೆದು ಮುಚ್ಚಬಹುದು.

ಮೂರನೆಯದು: ಘಟಕದ ವಿಶೇಷಣಗಳು ಆರಂಭದ ಟ್ಯಾಗಿನಲ್ಲಿಯೇ ಬರಬೇಕು, ಅವುಗಳ ಮೌಲ್ಯವು ಉದ್ಧರಣಚಿಹ್ನೆಗಳೊಳಗೆ ಇರಬೇಕು, ಒಂದೇ ವಿಶೇಷಣವು ಒಂದು ಟ್ಯಾಗಿನಲ್ಲಿ ಎರಡು ಸಲ ಬರಕೂಡದು. <ಪದ್ಯ ಛಂದಸ್ಸು="ಕಂದ"> ಎಂಬುದು ಸಾಧು; ಉದ್ಧರಣಚಿಹ್ನೆಯಿಲ್ಲದೆ ಬರೆದರೆ ಅಸಾಧು.

ನಾಲ್ಕನೆಯದು: ಎಡಗೋನಾವರಣವೂ ಆಂಪರ್ಸ್ಯಾಂಡ್ ಚಿಹ್ನೆಯೂ (&) ಅಂಕನಕ್ಕೆ ಮೀಸಲಾದವು; ಪಾಠದಲ್ಲಿ ಅವನ್ನು ನೇರವಾಗಿ ಬರೆಯಕೂಡದು. ಭಾಷಾಶಾಸ್ತ್ರಜ್ಞರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ಹಾಲು’ ಎಂಬುದು ‘ಪಾಲ್’ ಎಂಬುದರಿಂದ ಬಂದಿತೆಂದು ತೋರಿಸಲು ‘ಹಾಲು < ಪಾಲ್’ ಎಂದು ಬರೆಯುವುದು ನಮ್ಮ ವಾಡಿಕೆ. ಯಂತ್ರವು ಆ ಚಿಹ್ನೆಯನ್ನು ಕಂಡೊಡನೆ ಹೊಸ ಟ್ಯಾಗು ತೆರೆಯಿತೆಂದು ಭಾವಿಸಿ, ಮುಂದಿನದು ಟ್ಯಾಗಿನ ರೂಪದಲ್ಲಿಲ್ಲವೆಂದು ಕಡತವನ್ನೇ ತಿರಸ್ಕರಿಸುವುದು. ಆ ಚಿಹ್ನೆಗೆ ಬದಲಾಗಿ ನಿಯತವಾದ ಸಂಕೇತಪದವನ್ನು ಬರೆಯಬೇಕು.

ಐದನೆಯದು: ಆರಂಭದ ಮತ್ತು ಅಂತ್ಯದ ಟ್ಯಾಗುಗಳ ಹೆಸರು ಅಭಿನ್ನವಾಗಿರಬೇಕು. ಕನ್ನಡದಲ್ಲಿ ಇದರಿಂದ ಒಂದು ಸೂಕ್ಷ್ಮವಾದ ಕ್ಲೇಶ ಉಂಟು. ‘ಶ್ಲೋಕ’ ಎಂಬಲ್ಲಿಯ ಓಕಾರದ ಗುರುತನ್ನು ಯೂನಿಕೋಡ್ ವ್ಯವಸ್ಥೆಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು; ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ರೂಪ. ಯಂತ್ರಕ್ಕೆ ಬೇರೆ ಬೇರೆ ಹೆಸರು. ಆರಂಭದಲ್ಲಿ ಒಂದು ಬಗೆಯಾಗಿಯೂ ಅಂತ್ಯದಲ್ಲಿ ಇನ್ನೊಂದು ಬಗೆಯಾಗಿಯೂ ಬರೆದರೆ, ಎಷ್ಟು ಸಲ ತಿದ್ದುಪ್ರತಿಯನ್ನು ಓದಿದರೂ ದೋಷವು ಕಾಣದು; ಕಡತವೂ ಅಂಗೀಕೃತವಾಗದು. ಆದುದರಿಂದ ಕಡತವನ್ನೆಲ್ಲ ಮೊದಲೇ ಯೂನಿಕೋಡಿನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದು ಕ್ಷೇಮ.

೪. ಅಂತರ್ಭಾವನಿಯಮ

ಆರನೆಯದೂ ಪ್ರಧಾನವೂ ಆದುದು ಅಂತರ್ಭಾವನಿಯಮ. ಎರಡು ಘಟಕಗಳಿಗೆ ಎರಡೇ ಸಂಬಂಧಗಳು ಸಾಧ್ಯ: ಒಂದರೊಳಗೆ ಇನ್ನೊಂದು ಸಂಪೂರ್ಣವಾಗಿ ಇರಬೇಕು, ಇಲ್ಲವೆ ಎರಡೂ ಸಂಪೂರ್ಣವಾಗಿ ಬೇರೆಯಾಗಿರಬೇಕು. ಅರ್ಧ ಒಳಗೆ, ಅರ್ಧ ಹೊರಗೆ ಎಂಬುದಕ್ಕೆ ಎಡೆಯಿಲ್ಲ. ಇದರಿಂದ ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕೆಂಬುದು ಫಲಿಸುವುದು.

ಪಂಚತಂತ್ರವನ್ನು ಓದಿದವರಿಗೆ ಈ ಕ್ರಮವು ಪರಿಚಿತವಾದುದೇ. ಕರಟಕ-ದಮನಕರ ಸಂವಾದದ ನಡುವೆ ಒಬ್ಬನು ಒಂದು ಕಥೆಯನ್ನು ತೊಡಗುವನು. ಆ ಕಥೆಯೊಳಗಣ ಪಾತ್ರವೊಂದು ಮತ್ತೊಂದು ಕಥೆಯನ್ನು ಹೇಳುವುದು. ಒಳಗಿನ ಕಥೆ ಮುಗಿದು ಅದರ ಹೊರಗಿನ ಕಥೆಗೆ ಬಂದು, ಅದೂ ಮುಗಿದ ಮೇಲೆ ಸಂವಾದಕ್ಕೆ ಮರಳಬೇಕೇ ಹೊರತು, ಒಳಕಥೆಯು ಅರ್ಧದಲ್ಲಿರುವಾಗಲೇ ಹೊರಕಥೆಯು ಮುಗಿದುಹೋಗುವಂತಿಲ್ಲ. ಹಾಗಾದರೆ ಹೇಳುವವನಿಲ್ಲದೆ ಕಥೆಯು ನಿಲ್ಲಬೇಕಾಗುವುದು.

ಅಂತರ್ಭಾವವು ಕೇವಲ ಕ್ರಮದ ವಿಷಯವಲ್ಲ, ಅರ್ಥದ ವಿಷಯ. ‘ನವಗ್ರಂಥಭಂಡಾರ’ ಎಂಬ ಸಮಾಸವನ್ನು ತೆಗೆದುಕೊಳ್ಳೋಣ. ‘ನವಗ್ರಂಥ’ ಎಂಬುದು ಮೊದಲು ಸೇರಿದರೆ ಹೊಸ ಗ್ರಂಥಗಳ ಭಂಡಾರವೆಂದು ಅರ್ಥ. ‘ಗ್ರಂಥಭಂಡಾರ’ ಎಂಬುದು ಮೊದಲು ಸೇರಿದರೆ ಗ್ರಂಥಗಳ ಹೊಸದಾದ ಭಂಡಾರವೆಂದು ಅರ್ಥ. ಎರಡರಲ್ಲಿ ಒಂದನ್ನು ಹಿಡಿಯಬೇಕು. ಒಂದೇ ವಿಗ್ರಹದಲ್ಲಿ ‘ಗ್ರಂಥ’ಪದವು ಹಿಂದಿನದರೊಡನೆಯೂ ಮುಂದಿನದರೊಡನೆಯೂ ಏಕಕಾಲದಲ್ಲಿ ಮೊದಲು ಸೇರಲಾರದು. ಟ್ಯಾಗುಗಳ ಜೋಡಣೆಯೂ ಹೀಗೆಯೇ ಪಾಠದ ಒಂದು ವಿಗ್ರಹವಾಕ್ಯವೆನ್ನಬಹುದು.

ಈ ನಿಯಮಗಳನ್ನು ಪಾಲಿಸಿದ ಕಡತವನ್ನು ಸುರಚಿತವೆನ್ನೋಣ. ಸುರಚಿತವಾದ ಮಾತ್ರಕ್ಕೆ ಅದು ಸಮಂಜಸವೆಂದಾಗುವುದಿಲ್ಲ. ಆಶ್ವಾಸದೊಳಗೆ ಪದ್ಯವನ್ನಿಡದೆ ಪದ್ಯದೊಳಗೆ ಆಶ್ವಾಸವನ್ನಿಟ್ಟರೂ ತೆರೆದು ಮುಚ್ಚುವ ಕ್ರಮವು ಸರಿಯಾಗಿಯೇ ಇರಬಹುದು. ಯಾವುದರೊಳಗೆ ಯಾವುದು ಬರತಕ್ಕುದೆಂಬುದನ್ನು ಸ್ಕೀಮಾ ಎಂಬ ಪ್ರತ್ಯೇಕವಾದ ರಚನಾವಿಧಿಯು ನಿಯಮಿಸುವುದು. ಶಾಬ್ದಬೋಧಕ್ಕೆ ಆಕಾಂಕ್ಷೆಯೂ ಯೋಗ್ಯತೆಯೂ ಬೇರೆ ಬೇರೆಯಾಗಿ ಕಾರಣಗಳೆಂದು ಶಾಸ್ತ್ರಕಾರರು ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು. ತೆರೆದ ಟ್ಯಾಗಿಗೆ ಮುಚ್ಚುವ ಟ್ಯಾಗಿನ ಆಕಾಂಕ್ಷೆಯುಂಟು. ಅದು ಪೂರ್ಣವಾದರೆ ಕಡತವು ಸುರಚಿತ. ಬೆಂಕಿಯಿಂದ ತೋಯಿಸುವನೆಂಬ ವಾಕ್ಯದಲ್ಲಿ ಆಕಾಂಕ್ಷೆಯು ಪೂರ್ಣವಾದರೂ ಯೋಗ್ಯತೆಯಿಲ್ಲ. ಪದ್ಯದೊಳಗಿನ ಆಶ್ವಾಸವೂ ಅಂಥದೇ.

೫. ಕ್ಷಮೆಯಿಂದಾಗುವ ಹಾನಿ

ನಿಯಮವನ್ನು ಮೀರಿದ ಕಡತವನ್ನು ಓದುವ ತಂತ್ರಾಂಶವು—ಅದಕ್ಕೆ ಪಾರ್ಸರ್ ಎಂದು ಹೆಸರು—ಏನು ಮಾಡಬೇಕು? ಇಲ್ಲಿ ಎರಡು ಸಂಪ್ರದಾಯಗಳುಂಟು. ಎಕ್ಸ್‌ಎಂಎಲ್‌ನಲ್ಲಿ ಒಂದೇ ಒಂದು ತಪ್ಪು ಕಂಡರೂ ಪಾರ್ಸರ್ ಅದನ್ನು ವರದಿಮಾಡಿ, ಕಡತವನ್ನು ಸಾಮಾನ್ಯ ರೀತಿಯಲ್ಲಿ ಓದುವುದನ್ನು ನಿಲ್ಲಿಸಬೇಕೆಂದು ವಿಧಿ. ಎಚ್‌ಟಿಎಂಎಲ್‌ನಲ್ಲಿಯಾದರೆ ಬ್ರೌಸರು ತಪ್ಪನ್ನು ತಾನೇ ತಿದ್ದಿಕೊಂಡು ಮುಂದುವರಿಯುವುದು. ಮೊದಮೊದಲು ಒಂದೊಂದು ಬ್ರೌಸರೂ ತನಗೆ ತೋರಿದಂತೆ ತಿದ್ದಿಕೊಳ್ಳುತ್ತಿದ್ದಿತು. ೨೦೧೪ರಲ್ಲಿ ಮಾನಕವಾದ ಎಚ್‌ಟಿಎಂಎಲ್ ೫ರಲ್ಲಿ ತಿದ್ದುವ ಕ್ರಮವನ್ನೇ ವಿವರವಾಗಿ ವಿಧಿಸಿರುವರು. ಉದಾಹರಣೆಗೆ, ದಪ್ಪಕ್ಷರದ ಮತ್ತು ಓರೆಯಕ್ಷರದ ಟ್ಯಾಗುಗಳು ಹೀಗೆ ಹೆಣೆದುಕೊಂಡಿದ್ದರೆ:

<ದಪ್ಪ>ಹಳೆಯ <ಓರೆ>ಓಲೆಯ</ದಪ್ಪ> ಪ್ರತಿ</ಓರೆ>

ಬ್ರೌಸರು ಅದನ್ನು ಹೀಗೆ ಬಿಡಿಸಿಕೊಳ್ಳುವುದು:

<ದಪ್ಪ>ಹಳೆಯ <ಓರೆ>ಓಲೆಯ</ಓರೆ></ದಪ್ಪ><ಓರೆ> ಪ್ರತಿ</ಓರೆ>

ಕಣ್ಣಿಗೆ ಕಾಣುವ ರೂಪದಲ್ಲಿ ಯಾವ ಹಾನಿಯೂ ಇಲ್ಲ. ಆದರೆ ಒಂದಾಗಿದ್ದ ಓರೆಯ ಘಟಕವು ಎರಡಾಯಿತು. ಇನ್ನು ಓರೆಯ ಟ್ಯಾಗನ್ನು ಮುಚ್ಚುವುದನ್ನೇ ಮರೆತರೆ, ಅದರ ಪ್ರಭಾವವು ಆ ಪರಿಚ್ಛೇದವನ್ನು ದಾಟಿ ಮುಂದಿನ ಪರಿಚ್ಛೇದಗಳಿಗೂ ಹರಿಯುವುದು.

ಓದುವವನಿಗೆ ಪುಟವು ಕಾಣಿಸಿದರೆ ಸಾಕು, ಇಷ್ಟು ಬಿಗಿಯೇಕೆ ಎಂದು ಶಂಕಿಸಬಹುದು. ವಾರ್ತಾಪುಟಕ್ಕೆ ಈ ಶಂಕೆಯು ಯುಕ್ತವೇ. ಗ್ರಂಥಸಂಪಾದನೆಗೆ ಯುಕ್ತವಲ್ಲ. ಓರೆಯಕ್ಷರದಿಂದಲೇ ಸಂಪಾದಕನು ತಾನು ಊಹಿಸಿದ ಭಾಗವನ್ನು ಸೂಚಿಸಿದನೆಂದು ಭಾವಿಸೋಣ. ಮುಚ್ಚುವ ಟ್ಯಾಗು ಬಿಟ್ಟುಹೋದರೆ ಅಲ್ಲಿಂದ ಮುಂದಿನ ಕವಿವಾಣಿಯೆಲ್ಲವೂ ಸಂಪಾದಕನ ಊಹೆಯೆಂದಾಗುವುದು. ಎರಡಕ್ಷರ ಮೊದಲೇ ಮುಚ್ಚಿದರೆ ಸಂಪಾದಕನ ಊಹೆಯು ಕವಿವಾಣಿಯಾಗುವುದು. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ಪ್ರಕಟನೆಗಾಗಿ ೧೯೩೧ರಲ್ಲಿ ಲೈಡನ್ ನಗರದಲ್ಲಿ ವಿದ್ವಾಂಸರು ಸೇರಿ, ಕಳೆದುಹೋದ ಅಕ್ಷರಗಳನ್ನು ತುಂಬಿದ ಎಡೆಗೆ ಚೌಕಾವರಣ, ಅಸ್ಪಷ್ಟವಾದ ಅಕ್ಷರಕ್ಕೆ ಕೆಳಚುಕ್ಕೆ ಎಂಬುದೇ ಮೊದಲಾಗಿ ಸಂಕೇತಗಳನ್ನು ಗೊತ್ತುಮಾಡಿದುದು ಈ ಸಂಕರವನ್ನು ತಪ್ಪಿಸುವುದಕ್ಕಾಗಿಯೇ. ಅಚ್ಚಿನಲ್ಲಿ ಆವರಣವೊಂದು ಮುಚ್ಚದೆ ಹೋದರೆ ಜಾಣನಾದ ಓದುಗನು ಪ್ರಕರಣದಿಂದ ಊಹಿಸಿಕೊಳ್ಳುವನು. ಯಂತ್ರಕ್ಕೆ ಪ್ರಕರಣಜ್ಞಾನವಿಲ್ಲ. ತಪ್ಪನ್ನು ಕ್ಷಮಿಸುವ ಯಂತ್ರಕ್ಕಿಂತ ತಪ್ಪನ್ನು ತೋರಿಸಿ ನಿಲ್ಲುವ ಯಂತ್ರವೇ ಸಂಪಾದಕನಿಗೆ ಹಿತಕರ.

೬. ಗ್ರಂಥದಲ್ಲಿಯೇ ಇರುವ ವ್ಯತಿಷಂಗ

ಇಷ್ಟರಿಂದ ನಿಯಮವನ್ನು ಪಾಲಿಸಿದರೆ ಸಾಕು, ಎಲ್ಲವೂ ಸರಿಯಾಗುವುದು ಎಂದು ಹೇಳುವಂತಿದ್ದರೆ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿದ್ದಿತು. ಆದರೆ ಸಂಪಾದಕನ ಅಜಾಗರೂಕತೆಯಿಂದಲ್ಲದೆ ಗ್ರಂಥದ ಸ್ವಭಾವದಿಂದಲೇ ಎರಡು ವ್ಯಾಪ್ತಿಗಳು ಒಂದಕ್ಕೊಂದು ಹೆಣೆದುಕೊಂಡಿರುವ ಸಂದರ್ಭಗಳಿವೆ. ಇದನ್ನು ವ್ಯತಿಷಂಗವೆನ್ನೋಣ.

ಪಾಣಿನಿಯ ಅಧಿಕಾರಸೂತ್ರಗಳನ್ನೇ ನೋಡಬಹುದು. ಪ್ರತ್ಯಯಾಧಿಕಾರವು ಮೂರನೆಯ ಅಧ್ಯಾಯದ ಆರಂಭದಿಂದ ಐದನೆಯ ಅಧ್ಯಾಯದ ಕೊನೆಯವರೆಗೆ ಹರಡಿದೆ. ಅದರೊಳಗೆ ನಾಲ್ಕನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ತದ್ಧಿತಾಧಿಕಾರವು ತೊಡಗಿ ಐದನೆಯದರ ಕೊನೆಗೆ ಮುಗಿಯುವುದು. ಇದು ಶುದ್ಧವಾದ ಅಂತರ್ಭಾವ. ಆದರೆ ಎಂಟನೆಯ ಅಧ್ಯಾಯಕ್ಕೆ ಬಂದರೆ, ಪದಾಧಿಕಾರವು ಅದರ ಮೊದಲನೆಯ ಪಾದದ ೧೬ನೆಯ ಸೂತ್ರದಲ್ಲಿ ತೊಡಗಿ ಮೂರನೆಯ ಪಾದದ ೫೪ನೆಯ ಸೂತ್ರದವರೆಗೆ ನಡೆಯುವುದು. ತ್ರಿಪಾದಿಯ ಅಸಿದ್ಧಾಧಿಕಾರವು ಎರಡನೆಯ ಪಾದದ ಮೊದಲನೆಯ ಸೂತ್ರದಲ್ಲಿ ತೊಡಗಿ ಅಧ್ಯಾಯದ ಕೊನೆಯವರೆಗೆ ನಡೆಯುವುದು. ಮೊದಲು ತೆರೆದುದು ಮೊದಲು ಮುಚ್ಚಿತು. ನಡುವೆ ತೆರೆದುದು ಆಮೇಲೆ ಮುಚ್ಚಿತು. ಎರಡು ಅಧಿಕಾರಗಳನ್ನೂ ಘಟಕಗಳಾಗಿ ಮಾಡಿ ಟ್ಯಾಗುಗಳನ್ನಿಟ್ಟರೆ ಪಾರ್ಸರ್ ಆ ಕಡತವನ್ನು ಅಸಾಧುವೆಂದು ತಿರಸ್ಕರಿಸುವುದು. ದೋಷವು ಪಾಣಿನಿಯದೆಂದು ಯಾರೂ ಹೇಳಲಾರರು.

ಕಾವ್ಯದಲ್ಲಿ ಇದು ಇನ್ನೂ ಸಾಮಾನ್ಯ. ಪದ್ಯವು ಪಾದಗಳಾಗಿಯೂ ವಿಭಾಗವಾಗುವುದು, ವಾಕ್ಯಗಳಾಗಿಯೂ ವಿಭಾಗವಾಗುವುದು. ಪಾದಾಂತ್ಯದಲ್ಲಿಯೇ ವಾಕ್ಯವು ಮುಗಿಯಬೇಕೆಂಬ ನಿರ್ಬಂಧವಿಲ್ಲ. ಹಳಗನ್ನಡದ ವೃತ್ತಗಳಲ್ಲಿಯಂತೂ ಒಂದು ಪದವೇ ಪಾದಾಂತ್ಯವನ್ನು ದಾಟಿ ಮುಂದಿನ ಪಾದಕ್ಕೆ ಹರಿಯುವುದುಂಟು. ಉದಾಹರಣೆಗಾಗಿ ಇಲ್ಲಿಯೇ ರಚಿಸಿದ ಭಾಮಿನೀ ಷಟ್ಪದಿಯ ಪೂರ್ವಾರ್ಧವನ್ನು ನೋಡುವುದು:

ಓಲೆಗರಿಯಲಿ ಬರೆದ ನುಡಿಯದು
ಕಾಲಕಳಿಯದು, ಬರೆದ ಕೈಗಳು
ಸಾಲಿನಡಿಯೊಳೆ ತಮ್ಮ ಹೆಸರನು ಮರೆಸಿ ಹೋದುವಲೈ

ಇಲ್ಲಿ ಪಾದಗಳು ಮೂರು, ವಾಕ್ಯಗಳು ಎರಡು. ಮೊದಲನೆಯ ವಾಕ್ಯವು ಎರಡನೆಯ ಪಾದದ ನಡುವೆ ಮುಗಿಯುವುದು. ಎರಡನೆಯದು ಅಲ್ಲಿಯೇ ತೊಡಗುವುದು. ಎರಡು ವಿಭಾಗಗಳನ್ನೂ ಕಂಡಂತೆ ಗುರುತುಮಾಡಿದರೆ ಹೀಗಾಗುವುದು:

<ಪಾದ><ವಾಕ್ಯ>ಓಲೆಗರಿಯಲಿ ಬರೆದ ನುಡಿಯದು</ಪಾದ>
<ಪಾದ>ಕಾಲಕಳಿಯದು;</ವಾಕ್ಯ> <ವಾಕ್ಯ>ಬರೆದ ಕೈಗಳು</ಪಾದ>

ಮೊದಲ ಸಾಲಿನಲ್ಲಿಯೇ, ಒಳಗೆ ತೆರೆದ ವಾಕ್ಯವು ಮುಚ್ಚುವ ಮೊದಲು ಹೊರಗಿನ ಪಾದವು ಮುಚ್ಚಿತು. ಆದುದರಿಂದ ಇದು ಅಸಾಧು. ಇದಕ್ಕೆ ಓಲೆಯ ವಿಭಾಗವನ್ನೂ ಸೇರಿಸಿಕೊಂಡರೆ ತೊಡಕು ಮತ್ತೂ ಹೆಚ್ಚುವುದು. ಗರಿಯು ಮುಗಿಯುವುದು ಪದ್ಯವನ್ನಾಗಲಿ ಪದವನ್ನಾಗಲಿ ಲೆಕ್ಕಿಸುವುದಿಲ್ಲ.

ನ್ಯಾಯವೈಶೇಷಿಕರಲ್ಲಿ ಇದಕ್ಕೆ ಸದೃಶವಾದ ವಿಚಾರವೊಂದುಂಟು. ಉದಯನಾಚಾರ್ಯರು ಎಣಿಸಿದ ಆರು ಜಾತಿಬಾಧಕಗಳಲ್ಲಿ ಸಂಕರವು ಒಂದು. ಭೂತತ್ವವು ಆಕಾಶದಲ್ಲಿದೆ, ಮನಸ್ಸಿನಲ್ಲಿಲ್ಲ. ಮೂರ್ತತ್ವವು ಮನಸ್ಸಿನಲ್ಲಿದೆ, ಆಕಾಶದಲ್ಲಿಲ್ಲ. ಪೃಥಿವ್ಯಾದಿಗಳು ನಾಲ್ಕರಲ್ಲಿ ಎರಡೂ ಇವೆ. ಹೀಗೆ ಪರಸ್ಪರ ಹೆಣೆದುಕೊಂಡಿರುವ ಧರ್ಮಗಳು ಜಾತಿಗಳಾಗಲಾರವೆಂದು ಪ್ರಾಚೀನರ ಮತ. ಜಾತಿಗಳು ಒಂದರೊಳಗೊಂದು ಅಡಗಿರಬೇಕು, ಇಲ್ಲವೆ ಬೇರೆಯಾಗಿರಬೇಕು; ಅಂತರ್ಭಾವನಿಯಮವೂ ಇದೇ ಅಲ್ಲವೆ? ಆದರೂ ಭೂತತ್ವಮೂರ್ತತ್ವಗಳನ್ನು ಇಲ್ಲವೆಂದು ಅವರು ಹೇಳಲಿಲ್ಲ; ಅವನ್ನು ಉಪಾಧಿಗಳೆಂದು ಸ್ವೀಕರಿಸಿದರು. ಸಂಕರವು ಬಾಧಕವೇ ಅಲ್ಲವೆಂದು ನವ್ಯರಲ್ಲಿ ಕೆಲವರು ವಾದಿಸಿದುದೂ ಉಂಟು. ಪಾಶ್ಚಾತ್ಯ ವಿದ್ವಾಂಸರಲ್ಲಿಯೂ ಈ ವಿಚಾರವು ಇದೇ ದಾರಿಯನ್ನು ಹಿಡಿದಿದೆ. ಗ್ರಂಥವೆಂದರೆ ಒಂದರೊಳಗೊಂದಾಗಿ ಕ್ರಮವಾಗಿ ಅಡಗಿರುವ ಘಟಕಗಳ ಶ್ರೇಣಿಯೇ ಎಂದು ಡಿರೋಸ್, ಡ್ಯುರಾಂಡ್, ಮೈಲೊನಾಸ್, ರೆನಿಯರ್ ಎಂಬ ನಾಲ್ವರು ೧೯೯೦ರಲ್ಲಿ ಪ್ರತಿಪಾದಿಸಿದರು. ವ್ಯತಿಷಂಗದ ಉದಾಹರಣೆಗಳನ್ನು ಪರಿಶೀಲಿಸಿದ ಮೇಲೆ ಅವರಲ್ಲಿಯೇ ಮೂವರು ಆ ಮತವನ್ನು ಪರಿಷ್ಕರಿಸಿಕೊಂಡರು.

೭. ಪರಿಹಾರಮಾರ್ಗಗಳು

ನಿಯಮವನ್ನೂ ಬಿಡದೆ, ಗ್ರಂಥದ ಸತ್ಯವನ್ನೂ ಮರೆಮಾಚದೆ ಅಂಕನ ಮಾಡುವುದು ಹೇಗೆ? ಟಿಇಐ ಪದ್ಧತಿಯಲ್ಲಿ ಹೇಳಿರುವ ಮಾರ್ಗಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಎಲ್ಲೆಗಲ್ಲಿನ ಮಾರ್ಗ. ಒಂದು ವಿಭಾಗವನ್ನು ಘಟಕಗಳಾಗಿ ಇಟ್ಟುಕೊಂಡು, ಇನ್ನೊಂದನ್ನು ಅದು ತೊಡಗುವ ಎಡೆಯಲ್ಲಿ ಶೂನ್ಯಘಟಕದಿಂದ ಸೂಚಿಸುವುದು:

<ಪಾದ>ಕಾಲಕಳಿಯದು, <ವಾಕ್ಯಾರಂಭ/>ಬರೆದ ಕೈಗಳು</ಪಾದ>

ಶೂನ್ಯಘಟಕಕ್ಕೆ ವ್ಯಾಪ್ತಿಯೇ ಇಲ್ಲದುದರಿಂದ ಅದು ಯಾವುದನ್ನೂ ಅಡ್ಡಹಾಯುವುದಿಲ್ಲ. ಓಲೆಯ ಗರಿ, ಪಂಕ್ತಿ ಮೊದಲಾದವುಗಳಿಗೆ ಟಿಇಐ ಪದ್ಧತಿಯಲ್ಲಿ ಇದನ್ನೇ ಬಳಸುವರು. ದೋಷವೇನೆಂದರೆ, ವಾಕ್ಯವು ತೊಡಗುವ ಎಡೆಯು ಮಾತ್ರ ತಿಳಿಯುವುದು. ವಾಕ್ಯವೆಂಬ ಒಂದು ವಸ್ತುವು ಯಂತ್ರಕ್ಕೆ ದೊರೆಯುವುದಿಲ್ಲ.

ಎರಡನೆಯದು ಖಂಡನದ ಮಾರ್ಗ. ವಾಕ್ಯವನ್ನು ಪಾದಾಂತ್ಯದಲ್ಲಿ ತುಂಡುಮಾಡಿ, ತುಂಡುಗಳ ಸಂಬಂಧವನ್ನು ವಿಶೇಷಣಗಳಿಂದ ಹೇಳುವುದು:

<ಪಾದ><ವಾಕ್ಯ ಗುರುತು="ಅ" ಖಂಡ="ಆದಿ">ಓಲೆಗರಿಯಲಿ ಬರೆದ ನುಡಿಯದು</ವಾಕ್ಯ></ಪಾದ>
<ಪಾದ><ವಾಕ್ಯ ಗುರುತು="ಅ" ಖಂಡ="ಅಂತ್ಯ">ಕಾಲಕಳಿಯದು;</ವಾಕ್ಯ> <ವಾಕ್ಯ ಗುರುತು="ಆ" ಖಂಡ="ಆದಿ">ಬರೆದ ಕೈಗಳು</ವಾಕ್ಯ></ಪಾದ>
<ಪಾದ><ವಾಕ್ಯ ಗುರುತು="ಆ" ಖಂಡ="ಅಂತ್ಯ">ಸಾಲಿನಡಿಯೊಳೆ ತಮ್ಮ ಹೆಸರನು ಮರೆಸಿ ಹೋದುವಲೈ</ವಾಕ್ಯ></ಪಾದ>

ಹಿಂದೆ ಹೇಳಿದಂತೆ ಬ್ರೌಸರು ಮೌನವಾಗಿ ಮಾಡುವ ತುಂಡಿಗೂ ಇದಕ್ಕೂ ಇರುವ ಭೇದವನ್ನು ಗಮನಿಸಬೇಕು. ಅಲ್ಲಿ ಒಂದು ಎರಡಾದುದು ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಎರಡೂ ಒಂದರ ಖಂಡಗಳೆಂಬುದು ಕಡತದಲ್ಲಿಯೇ ಲಿಖಿತವಾಗಿದೆ. ಆದರೆ ವಾಕ್ಯಗಳನ್ನು ಎಣಿಸುವವನು ಖಂಡಗಳನ್ನು ಎಣಿಸದಂತೆ ಎಚ್ಚರವಹಿಸಬೇಕು.

ಮೂರನೆಯದು ತಟಸ್ಥಾಂಕನ. ಪಾಠದ ಒಂದೊಂದು ಪದಕ್ಕೂ ಸಂಖ್ಯೆಯನ್ನು ಕೊಟ್ಟು, ಪಾದವು ಇಂಥ ಪದದಿಂದ ಇಂಥ ಪದದವರೆಗೆ, ವಾಕ್ಯವು ಇಂಥದರಿಂದ ಇಂಥದರವರೆಗೆ ಎಂದು ಪಾಠದ ಹೊರಗೆ ಬೇರೆ ಬೇರೆ ಪಟ್ಟಿಗಳಲ್ಲಿ ಬರೆಯುವುದು. ಪಟ್ಟಿಗಳು ಒಂದಕ್ಕೊಂದು ಅಡ್ಡಬರುವುದಿಲ್ಲ. ಯಾವ ವಿಭಾಗಕ್ಕೂ ಪ್ರಾಧಾನ್ಯವನ್ನು ಕೊಡಬೇಕಾಗಿಲ್ಲವೆಂಬುದು ಇದರ ಗುಣ. ಪಾಠದಲ್ಲಿ ಒಂದು ಪದವನ್ನು ಸೇರಿಸಿದರೂ ತೆಗೆದರೂ ಪಟ್ಟಿಗಳನ್ನೆಲ್ಲ ಸರಿಪಡಿಸಬೇಕಾಗಿ ಬರಬಹುದೆಂಬುದು ದೋಷ. ಪಾದಾಂತ್ಯದಲ್ಲಿ ಮುರಿಯುವ ಪದಗಳಿರುವ ಹಳಗನ್ನಡ ವೃತ್ತಗಳಿಗೆ ಪದಸಂಖ್ಯೆಯು ಸಾಲದೆ ಅಕ್ಷರಸಂಖ್ಯೆಯನ್ನೇ ಹಿಡಿಯಬೇಕಾಗುವುದು.

ನಾಲ್ಕನೆಯದು ಒಂದೇ ಪಾಠವನ್ನು ಎರಡು ಕಡತಗಳಲ್ಲಿ, ಒಂದನ್ನು ಪಾದಾನುಸಾರವಾಗಿಯೂ ಇನ್ನೊಂದನ್ನು ವಾಕ್ಯಾನುಸಾರವಾಗಿಯೂ ಅಂಕಿಸುವುದು. ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕರ. ಒಂದರಲ್ಲಿ ತಿದ್ದಿದುದನ್ನು ಇನ್ನೊಂದರಲ್ಲಿ ತಿದ್ದಲು ಮರೆತರೆ, ಪಾಠಾಂತರಗಳನ್ನು ನಿರ್ಣಯಿಸುವುದಕ್ಕೆ ಹೊರಟ ಸಂಪಾದಕನೇ ಹೊಸ ಪಾಠಾಂತರವನ್ನು ಸೃಷ್ಟಿಸಿದಂತಾಗುವುದು.

೮. ಉಪಸಂಹಾರ

ಮೇಲಣ ವಿಚಾರದಿಂದ ಫಲಿಸಿದ ಅರ್ಥವಿಷ್ಟು: ಅಂತರ್ಭಾವನಿಯಮವು ಕಡತದ ಧರ್ಮವೇ ಹೊರತು ಗ್ರಂಥದ ಧರ್ಮವಲ್ಲ. ಕಡತದಲ್ಲಿ ಅದನ್ನು ಎಳ್ಳಷ್ಟೂ ಮೀರಕೂಡದು. ಗ್ರಂಥದಲ್ಲಿ ಅದು ಎಲ್ಲೆಡೆಯೂ ಇರುವುದೆಂದು ಭಾವಿಸಕೂಡದು. ಎರಡಕ್ಕೂ ಹೊಂದಿಕೆಯಿಲ್ಲದ ಎಡೆಯಲ್ಲಿ ಯಾವ ವಿಭಾಗವನ್ನು ಪ್ರಧಾನವಾಗಿ ಇಟ್ಟುಕೊಳ್ಳಬೇಕು, ಯಾವುದನ್ನು ಗೌಣವಾಗಿ ಸೂಚಿಸಬೇಕು ಎಂಬ ನಿರ್ಣಯವು ಯಂತ್ರಜ್ಞನದಲ್ಲ, ಸಂಪಾದಕನದು. ಛಂದಸ್ಸನ್ನು ಕುರಿತ ಅಧ್ಯಯನಕ್ಕೆ ಪಾದವು ಪ್ರಧಾನ, ಅನ್ವಯವ್ಯಾಕರಣಗಳಿಗೆ ವಾಕ್ಯವು ಪ್ರಧಾನ, ಹಸ್ತಪ್ರತಿಯ ಇತಿಹಾಸಕ್ಕೆ ಗರಿಯು ಪ್ರಧಾನ. ಈ ನಿರ್ಣಯವನ್ನು ಬೆರಳಚ್ಚು ಮಾಡುವವರಿಗೆ ಬಿಟ್ಟುಕೊಟ್ಟರೆ, ಯಾವುದು ಅವರಿಗೆ ಸುಲಭವೋ ಅದೇ ಪ್ರಧಾನವಾಗಿ ಉಳಿದದ್ದು ಕಳೆದುಹೋಗುವುದು.

ಆದುದರಿಂದ ಗ್ರಂಥಪ್ರಕಟನೆಯನ್ನು ಕೈಗೊಂಡಿರುವ ಸಂಸ್ಥೆಗಳಲ್ಲಿ ಮೂರು ಕ್ರಮಗಳು ನಡೆಯುವುದು ಉಚಿತವಾಗಿ ತೋರುವುದು. ಮೊದಲನೆಯದಾಗಿ, ದಿನದಿನದ ಕೆಲಸವನ್ನು ಅಂದಂದೇ ಪಾರ್ಸರಿನಿಂದ ಪರೀಕ್ಷಿಸಬೇಕು. ನೂರು ಪದ್ಯಗಳಾದ ಮೇಲೆ ಹುಡುಕುವುದಕ್ಕಿಂತ ಹತ್ತು ಪದ್ಯಗಳಲ್ಲಿ ಹುಡುಕುವುದು ಸುಲಭ. ಎರಡನೆಯದಾಗಿ, ಪ್ರತಿಗಳ ವಿವರಣೆಯನ್ನೂ ಪಾಠನಿರ್ಣಯದ ಕ್ರಮವನ್ನೂ ಪೀಠಿಕೆಯಲ್ಲಿ ಹೇಳುವಂತೆ, ಯಾವ ವಿಭಾಗವನ್ನು ಪ್ರಧಾನವಾಗಿ ಹಿಡಿದಿದೆ, ಉಳಿದವನ್ನು ಯಾವ ಮಾರ್ಗದಿಂದ ಸೂಚಿಸಿದೆ ಎಂಬುದನ್ನೂ ಹೇಳಬೇಕು. ಮೂರನೆಯದಾಗಿ, ಊಹಿತಪಾಠದ ಟ್ಯಾಗುಗಳ ಆದ್ಯಂತಗಳನ್ನು ಮೂಲಪ್ರತಿಯೊಡನೆ ಒಂದೊಂದಾಗಿ ಮತ್ತೊಮ್ಮೆ ಹೋಲಿಸಬೇಕು. ಏಕೆಂದರೆ ಟ್ಯಾಗು ತಪ್ಪಾದ ಎಡೆಯಲ್ಲಿ ಸರಿಯಾಗಿ ಮುಚ್ಚಿದ್ದರೆ ಯಾವ ಪಾರ್ಸರೂ ಅದನ್ನು ಹಿಡಿಯಲಾರದು.

ಸಾಹಿತ್ಯವನ್ನು ಬೋಧಿಸುವವರಿಗೂ ಇದರಲ್ಲಿ ಪ್ರಯೋಜನವಿಲ್ಲದಿಲ್ಲ. ಪದ್ಯವೊಂದನ್ನು ಕೊಟ್ಟು, ಅದರ ಪಾದಗಳನ್ನೂ ವಾಕ್ಯಗಳನ್ನೂ ಟ್ಯಾಗುಗಳಿಂದ ಗುರುತಿಸಿ ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದರೆ, ಎಲ್ಲಿ ಅಂತರ್ಭಾವವು ಭಂಗವಾಗುವುದೋ ಅಲ್ಲಿಯೇ ಕವಿಯು ಛಂದಸ್ಸಿನ ಎಲ್ಲೆಯನ್ನು ಮೀರಿ ಮಾತನ್ನು ಹರಿಯಿಸಿರುವನೆಂಬುದು ಅವರ ಕಣ್ಣಿಗೆ ಬೀಳುವುದು. ಅನ್ವಯ ಹೇಳಿಸುವ ಹಳೆಯ ಪಾಠಕ್ರಮವೂ ಇದನ್ನೇ ಸಾಧಿಸುತ್ತಿದ್ದಿತು. ಯಂತ್ರವು ಅಸಾಧುವೆಂದು ನಿಲ್ಲುವ ಎಡೆಯಲ್ಲಿ ತಪ್ಪು ಲಿಪಿಕಾರನದೋ, ಸಂಪಾದಕನದೋ, ಅಥವಾ ಅದು ತಪ್ಪೇ ಅಲ್ಲದೆ ಕವಿಯ ಇಷ್ಟವೋ ಎಂಬುದನ್ನು ವಿವೇಚಿಸುವ ಭಾರವು ಪಂಡಿತರ ಮೇಲೆಯೇ ಉಳಿದಿದೆ. ವಿದ್ವಾಂಸರು ಈ ವಿಷಯವನ್ನು ಪರ್ಯಾಲೋಚಿಸಿ, ಕನ್ನಡ ಗ್ರಂಥಗಳಿಗೆ ಯುಕ್ತವಾದ ಅಂಕನಪದ್ಧತಿಯೊಂದನ್ನು ಒಮ್ಮತದಿಂದ ಗೊತ್ತುಮಾಡುವುದು ಅವಶ್ಯವಾಗಿದೆ.